ಗೂಟಕ್ಕೆ ಬಿದ್ದ ತಮಟೆ

ಕೆರೆಯ ಏರಿ ಜಿನುಗಿದರೆ ಅದನ್ನು ಕಾಯುವ ನೀರುಗಂಟಿ ತಮಟೆ ಬಾರಿಸಬೇಕು, ಕೇಳಿದವರು ಮನೆಗೊಂದು ಮಂಕರಿ ಮಣ್ಣು ಹೊತ್ತು ಓಡಿ ಬರಬೇಕು. ಬಿದರೆಕಟ್ಟೆಯಲ್ಲಿ ತಾತಮುತ್ತಾತಂದಿರ ಕಾಲದಿಂದ ಇದೇ ಕಟ್ಟಳೆ. ಆದರೆ ಕೆರೆ ಸರ್ಕಾರದ್ದಾಯಿತಲ್ಲ! ಎಪ್ಪತ್ತಾರರ ಮಳೆಗಾಲದಲ್ಲಿ ನೀರುಗಂಟಿ ಚಿಕ್ಕರಂಗಯ್ಯ ತಮಟೆ ಬಾರಿಸಿ, ಊರವರು ಮಣ್ಣು ಸುರಿದು ಏರಿ ಉಳಿಸಿದ್ದಕ್ಕೆ ಜೀಪಿನಲ್ಲಿ ಬಂದ ಇಂಜಿನಿಯರ್ ಸಾಹೇಬರು ಕೊಟ್ಟ ಬಹುಮಾನ ಏನು ಗೊತ್ತೆ? ಅಪ್ಪಣೆಯಿಲ್ಲದೆ ಏರಿ ಮುಟ್ಟಿಸಿದ್ದಕ್ಕೆ, ಜನರನ್ನು ಹೆದರಿಸಿದ್ದಕ್ಕೆ ಒಂದು ನೋಟೀಸು! ಊರೆದುರೇ ಹೆಬ್ಬೆಟ್ಟು ಒತ್ತಿಸಿಕೊಂಡು, ಇನ್ನೊಮ್ಮೆ ಬಾರಿಸಿದರೆ ಜೈಲು ಎಂದರು. ಅಂದಿನಿಂದ ತಮಟೆ ಗೂಟದಲ್ಲೇ ಇತ್ತು.

ಎಪ್ಪತ್ತೇಳರ ಕಾರ್ತೀಕದಲ್ಲಿ ಮಳೆ ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೆಯ ಬೆಳಿಗ್ಗೆ ಏರಿಯ ಬುಡದಲ್ಲಿ ಕೆಂಪು ನೀರು ಬುಗ್ಗೆಯೇಳುವುದನ್ನು ಕಂಡು ಚಿಕ್ಕರಂಗಯ್ಯ ಮನೆಗೆ ಓಡಿದ. ಏರಿಯ ಕೆಳಗೇ ಅವನ ಗುಡಿಸಲು. ಹೆತ್ತು ಒಂಬತ್ತು ದಿನವಾದ ಮಗಳು ಗಿರಿಯಮ್ಮ ಕೂಸಿನೊಡನೆ ಮಲಗಿದ್ದಳು.

"ತಮಟೆ ತಗಳಪ್ಪೋ" ಎಂದಳು ಸುದ್ದಿ ಕೇಳಿ.

"ಬ್ಯಾಡ ಕಣಮ್ಮ. ಈ ಸಲ ಕಾನೂನು ಪ್ರಕಾರ ಅಪ್ಪಣೆ ತಗಂಡು ಬಂದ್ಬುಡ್ತೀನಿ."

"ಅಂಗಾರೆ ನಾನು ಮಗೀನ ಎತ್ಕಂಡು ದಿನ್ನೆ ಕಡೀಕೆ ಹೋಗ್ಲಾ?"

"ಹಸಿ ಬಾಣಂತಿ, ಸೀತ ಗಾಳಿ ಸೋಕಿದ್ರೆ ಏನ್ಗತಿ? ಬೆಚ್ಚಗೆ ಮಲಿಕ್ಕ. ಮಧ್ಯಾನ್ಕೆಲ್ಲಾ ಬತ್ತೀನಿ."

ಕೊಡಿಗೇನಹಳ್ಳಿ ರಸ್ತೆಗೆ ನಡೆದು ಬಸ್ಸು ಹಿಡಿದು ಪೇಟೆಯ ಕಚೇರಿ ಸೇರಿದರೆ ಸಾಹೇಬರಿಲ್ಲ. ಪ್ರವಾಹದ ಮುಂಜಾಗ್ರತೆಯ ಬಗ್ಗೆ ಮೀಟಿಂಗಿಗೆ ಹೋಗಿದ್ದರಂತೆ. ನಗಬೇಕೋ ಅಳಬೇಕೋ ನೀವೇ ಹೇಳಿ.

"ಬುದ್ಧೀ, ಏರಿ ಬಾಯ್ಬಿಡ್ತಾ ಐತೆ" ಎಂದು ಚಿಕ್ಕರಂಗಯ್ಯ ಕೈಮುಗಿದ.

"ಏರಿ ಸುಭದ್ರವಾಗಿದೆ ಅಂತ ನಾವೇ ರಿಪೋರ್ಟ್ ಕಳಿಸಿದೀವಲ್ಲಯ್ಯಾ! ಅರ್ಜಿ ಬರೆಸ್ಕೊಂಡು ಬಾ" ಎಂದ ಗುಮಾಸ್ತ ರೇಣುಕಯ್ಯ.

ಅರ್ಜಿ ಬರೆಸಿ, ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಮೂರು ಗಂಟೆಯ ಹೊತ್ತಿಗೆ ನಕಲಿನ ಮೇಲೆ ಒಂದು ಮೊಹರು ಬಿತ್ತು. ಸ್ವೀಕರಿಸಲಾಗಿದೆ ಎಂದಷ್ಟೇ. ಓದು ಬಾರದ ಬಡಪಾಯಿ ಅದನ್ನೇ ಅಪ್ಪಣೆ ಎಂದುಕೊಂಡು, ನೆನೆಯದಂತೆ ಅಂಗಿಯೊಳಗಿಟ್ಟು ಓಡಿದ. ದಾರಿಯಲ್ಲಿ ಕೆರೆಯ ಕೆಂಪು ನೀರು ಅಡ್ಡ ಬಂದು ಬಸ್ಸು ನಿಂತಿತು. ಏರಿ ಆಗಲೇ ಒಡೆದುಹೋಗಿತ್ತು.

ಗಿರಿಯಮ್ಮ ಸಿಕ್ಕಿದ್ದು ಮಾರನೆಯ ದಿನ, ಅರ್ಧ ಮೈಲಿ ಕೆಳಗೆ ಜಾಲಿಮೆಳೆಯಲ್ಲಿ. ಕೂಸು ಸಿಗಲೇ ಇಲ್ಲ.

ಜೀಪು ಮಾತ್ರ ಬಂತು.

"ನೀರುಗಂಟಿ ಯಾರಯ್ಯ? ಯಾಕೆ ತಮಟೆ ಬಾರಿಸ್ಲಿಲ್ಲ? ಅದು ನಿನ್ನ ಕೆಲಸ ಅಲ್ವೇನೊ?" ಎಂದು ಸಾಹೇಬರು ಗದರಿದರು.

ಚಿಕ್ಕರಂಗಯ್ಯ ಮೊಹರಿನ ಕಾಗದ ಚಾಚಿದ. ಅವರು ಮುಟ್ಟಲಿಲ್ಲ. ಅವನ ಕೈ ಹಾಗೇ ನಿಂತಿತು.

"ಎದ್ದೋಯ್ತೀನಿ ಅಂದ್ಲು, ಬುದ್ಧಿ" ಎಂದ. "ನಾನೇ ಮಲಗಿಸ್ಬುಟ್ಟು ಬಂದೆ."