ಮಾದರಿ ಕುಟುಂಬ

"ಅಮ್ಮಾ, ಈ ಸಲ ಯಾರು?"

ಪರೀಕ್ಷಾ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಹಂಚಿ ತನ್ನ ಕೋಣೆಗೆ ಬಂದ ಉಪನ್ಯಾಸಕಿ ಬೆಚ್ಚಿಬಿದ್ದಳು. ಎದುರಿನ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ. ಒಗೆದ ಅಂಗಿ, ಕೆಸರಾದ ಕಾಲು. ಮಟಮಟ ಮಧ್ಯಾಹ್ನ, ಕಾರಿಡಾರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಯಾರು ಬೇಕಿತ್ತು ಯಜಮಾನರೇ?"

"ಮನೆಯಲ್ಲಿ ದುಡಿಯೋರು ಒಬ್ಬರು ಇಲ್ಲವಾದರೆ ಅಂತ ಕೇಳಿದ್ದೀರಲ್ಲ, ಮೂರನೇ ಪ್ರಶ್ನೆ. ಯಾರು ಅಂತ ಬರೆದೇ ಇಲ್ಲ."

ಅವಳಿಗೆ ಮೊದಲು ಬಂದದ್ದು ಸಿಟ್ಟು. ಕೃಷಿ ಅರ್ಥಶಾಸ್ತ್ರ ವಿಭಾಗದ ಚರಿತ್ರೆ ಬರೆಯುವ ಕೆಲಸ ಅವಳ ಕೊರಳಿಗೆ ಬಿದ್ದಾಗಿನಿಂದ ಸಹೋದ್ಯೋಗಿಗಳಿಗೆ ಅವಳ ಕಾಲೆಳೆಯುವುದೇ ಕಸುಬು. ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಜಾಲಾಡಿ, ಪ್ರತಿ ಪತ್ರಿಕೆಯ ಲೆಕ್ಕದಲ್ಲೂ ಬರುವ ಮಾದರಿ ಕುಟುಂಬದ ಬಗ್ಗೆ ಅವಳು ಒಂದು ತಮಾಷೆಯ ಅಧ್ಯಾಯವನ್ನೇ ಬರೆದಿದ್ದಳು.

ಆ ಕುಟುಂಬ ಹುಟ್ಟಿದ್ದೇ ಬೇಸರದಿಂದ. ವಿಭಾಗ ಕಟ್ಟಿದ ಹಿರಿಯ ಪ್ರಾಧ್ಯಾಪಕರು ಮನೆಮನೆಗೆ ಸಮೀಕ್ಷೆಗೆ ಹೋದರೆ ಆದಾಯದ ಬಗ್ಗೆ ಯಾರೂ ಬಾಯಿಬಿಡಲಿಲ್ಲ. ರೋಸಿಹೋಗಿ, ಮೇಜಿನ ಮುಂದೆ ಕೂತು ಕಾಗದದ ಮೇಲೆ ತಾವೇ ಒಂದು ಸಂಸಾರ ಹೂಡಿದರು: ಯಜಮಾನ, ಹೆಂಡತಿ, ತಮ್ಮ, ಮಕ್ಕಳು, ಒಂದು ಜೋಡಿ ಎತ್ತು. ಆಮೇಲೆ ಬಂದವರು ಪಾಠಕ್ಕೆ ತಕ್ಕಂತೆ ಕೈಯಾಡಿಸಿದರು. ವಿಮೆಯ ಪಾಠಕ್ಕೆ ಎತ್ತು ಸತ್ತವು, ಆಸ್ತಿ ಹಂಚಿಕೆಯ ಪಾಠಕ್ಕೆ ತಮ್ಮ ಸತ್ತ, ಕೂಲಿಯ ಪಾಠಕ್ಕೆ ಹಾಸಿಗೆ ಹಿಡಿದ ಹೆಂಡತಿ ಮತ್ತೆ ಏಳಲಿಲ್ಲ. ಹೋದವರನ್ನು ಯಾರೂ ವಾಪಸು ತಂದಿರಲಿಲ್ಲ. ಇದನ್ನು ಬರೆಯುವಾಗ ಉಪನ್ಯಾಸಕಿ ಒಬ್ಬಳೇ ಬಿದ್ದು ಬಿದ್ದು ನಕ್ಕಿದ್ದಳು.

"ನಿಮ್ಮನ್ನ ಕಳಿಸಿದ್ದು ಯಾರು?"

"ನನ್ನವಳು ಮಲಗಿದಾಗಲೂ ಬಂದಿದ್ದೆ. ಆಗ ಇಲ್ಲಿ ಕನ್ನಡಕದ ಮೇಷ್ಟ್ರು ಕೂರೋರು. ತಲೆ ಎತ್ತಿ ನೋಡಲೇ ಇಲ್ಲ." ಮುದುಕನ ದನಿಯಲ್ಲಿ ದೂರು ಇರಲಿಲ್ಲ. "ಈಗ ಉಳಿದಿರೋದು ನಾನು, ಮಗ, ಚಿಕ್ಕ ಮಗಳು ಪುಟ್ಟಿ. ನನ್ನನ್ನೇ ತಗೊಳ್ಳಿ ಅಮ್ಮಾ. ನನ್ನ ಹೆಸರೇ ಬರೆದುಬಿಡಿ."

ಮೂರನೇ ಪ್ರಶ್ನೆಯನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ಲಕೋಟೆ ಒಡೆದದ್ದೇ ಈಗ. ಅವನನ್ನು ಮತ್ತೊಮ್ಮೆ ನೋಡಿದಳು. ಅವನ ಮುಖ ಹೇಗಿದೆಯೆಂಬುದು ಕಣ್ಣರೆಪ್ಪೆ ಬಡಿಯುವಷ್ಟರಲ್ಲಿ ಮರೆತುಹೋಗುತ್ತಿತ್ತು. ಯಜಮಾನನ ಮುಖದ ಬಗ್ಗೆ ಹಿರಿಯ ಪ್ರಾಧ್ಯಾಪಕರು ಏನೂ ಬರೆದಿರಲಿಲ್ಲ.

ನಂಬಿದಳೋ ಇಲ್ಲವೋ ಅವಳಿಗೇ ತಿಳಿಯದು. ಕಾಲುಗಳು ಮಾತ್ರ ಪರೀಕ್ಷಾ ಹಾಲ್‌ನ ಕಡೆ ಓಡಿದವು.

"ಎಲ್ಲರೂ ಪೆನ್ನು ಕೆಳಗಿಡಿ! ಮೂರನೇ ಪ್ರಶ್ನೆ ರದ್ದು. ಯಾರೂ ಬರೀಬೇಡಿ."

ಮುಂದಿನ ಸಾಲಿನಲ್ಲಿ, ಯಾವಾಗಲೂ ತರಗತಿಗೆ ಮೊದಲಿಗಳಾಗುವ ಹುಡುಗಿ ಎದ್ದು ನಿಂತಳು.

"ಮೇಡಂ, ನಾನು ಅದನ್ನೇ ಮೊದಲು ಬರೆದುಬಿಟ್ಟೆ."

"ಯಾರನ್ನ ತೆಗೆದೆ?"

"ಚಿಕ್ಕ ಮಗಳನ್ನ. ಅವಳ ದುಡಿಮೆ ಅರ್ಧ ಆಳಿನ ಲೆಕ್ಕ ತಾನೆ ಮೇಡಂ? ಮನೆಗೆ ನಷ್ಟ ಕಮ್ಮಿ."

ಉತ್ತರ ಸರಿಯಾಗಿತ್ತು. ಹಾಗೆ ಲೆಕ್ಕ ಹಾಕುವುದನ್ನು ಕಲಿಸಿದವಳು ಅವಳೇ.

ಉಪನ್ಯಾಸಕಿ ಉತ್ತರಪತ್ರಿಕೆ ಕಸಿದುಕೊಂಡು ಆ ಸಾಲನ್ನು ಗೀಚಿ ಹಾಕಿದಳು; ಅದರ ಮೇಲೆ ಮತ್ತೆ ಗೀಚಿದಳು, ಹಾಳೆ ಹರಿಯುವವರೆಗೂ.

ಹೊರಗೆ ಕಾರಿಡಾರಿನಲ್ಲಿ, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಗೆ, "ಪುಟ್ಟೀ... ಪುಟ್ಟೀ..." ಎಂದು ಕೂಗುತ್ತ ಯಾರೋ ಒಂದೊಂದೇ ಮೆಟ್ಟಿಲಿಳಿದು ಹೋದರು.