ಎತ್ತಿ ನೋಡಬಾರದ ಬೇರು

೧

ಎಲ್ಲಿಂದ ಶುರು ಮಾಡಲಿ? ನೀರಿನಿಂದಲೋ, ನೀರೊಳಗಿನ ಗಿಡದಿಂದಲೋ, ಗಿಡವನ್ನೇ ನೋಡುತ್ತ ಕೂತ ಅಪ್ಪನಿಂದಲೋ? ಮೂರು ರೀತಿಯಲ್ಲೂ ಬರೆದು ನೋಡಿದೆ. ಮೂರರಲ್ಲೂ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಗಿಡ ಕರಗಿಹೋಯಿತು. (ಒಣಗಲಿಲ್ಲ, ಗಮನಿಸಿ. ನೀರೊಳಗೆ ಒಣಗುವುದು ಹೇಗೆ? ಎಲೆ ಮೊದಲು ಗಾಜಿನ ಹಾಗೆ ತೆಳುವಾಗುತ್ತದೆ, ಆಮೇಲೆ ಲೋಳೆ, ಆಮೇಲೆ ಬರೀ ನೀರು.)

ಕಥೆ ಇಷ್ಟು. ಅಮ್ಮ ತೀರಿಕೊಂಡಿದ್ದಾಳೆ. ಅವಳ ಅಡುಗೆಮನೆಯ ಕಿಟಕಿಯ ಪಕ್ಕ ಒಂದು ಅಕ್ವೇರಿಯಂ ಇತ್ತು. ಅದರಲ್ಲಿ ನಾಲ್ಕಾರು ಸಣ್ಣ ಮೀನು, ಒಂದಿಷ್ಟು ನೀರುಹುಲ್ಲು, ಮತ್ತು ಅವಳು ಬೇರಿನ ತುಂಡೊಂದರಿಂದ ಬೆಳೆಸಿದ ಕಂದು ಎಲೆಯ ಗಿಡ. ಈಗ ಅಪ್ಪ ಮಗಳ ಫ್ಲ್ಯಾಟಿಗೆ ಬಂದಿದ್ದಾನೆ. ಅಕ್ವೇರಿಯಂ ಕೂಡ ಬಂದಿದೆ. ಅಪ್ಪ ಮೊದಲು ವಾಚ್ ರಿಪೇರಿ ಮಾಡುತ್ತಿದ್ದ. ಮಗಳು ಕಿವಿ ಪರೀಕ್ಷೆ ಮಾಡುವವಳು; ಸದ್ದಿಲ್ಲದ ಸಣ್ಣ ಕೋಣೆಯಲ್ಲಿ ಜನರನ್ನು ಕೂರಿಸಿ, "ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ" ಅನ್ನುತ್ತಾಳೆ, ಕಾಯುತ್ತಾಳೆ.

ಅಮ್ಮ ಹೋದ ಮೇಲೆ ಅಪ್ಪ ಮಾತಾಡಿಲ್ಲ. (ಅವನಿಗೆ ಮಾತು ಬರೆಯಲು ನನಗೆ ಬಂದಿಲ್ಲ ಅನ್ನುವುದೇ ಹೆಚ್ಚು ಸರಿ. ಸುಮ್ಮನಿರುವ ಪಾತ್ರವನ್ನು ಓದುಗರು ಆಳವಾದದ್ದು ಅಂದುಕೊಳ್ಳುತ್ತಾರೆ. ಬರೆಯುವವರಿಗೆ ಇದಕ್ಕಿಂತ ಅನುಕೂಲ ಏನಿದೆ?)

೩

(ಎರಡನೆಯದನ್ನು ಹರಿದು ಹಾಕಿದೆ.)

"ಅಕ್ವೇರಿಯಂ ಮತ್ತೆ ಎತ್ತಿಟ್ರಾ?" ಅಂದಳು ಮಗಳು. ನನ್ನನ್ನೇ ಕೇಳಿದ್ದು. "ಮೊದಲ ಕರಡಲ್ಲಿ ನನ್ನ ಕ್ಲಿನಿಕ್ಕು, ಆಮೇಲೆ ಮನೆ ಹಾಲ್, ಈಗ ಅಪ್ಪನ ರೂಮು. ಈ ಗಿಡಕ್ಕೆ ಜಾಗ ಬದಲಾದ್ರೆ ಆಗಲ್ಲ. ನೀರು ಬೇರೆ, ಬೆಳಕು ಬೇರೆ ಅಂತ ಇರೋ ಎಲೆನೆಲ್ಲ ಬಿಟ್ಟುಬಿಡತ್ತೆ. ನೀವು ಕರಡು ಬದಲಿಸ್ದಾಗೆಲ್ಲ ಅದು ಕರಗದೆ ಇನ್ನೇನ್ ಮಾಡತ್ತೆ?"

"ಹಾಗಾದರೆ ಅದು ಸತ್ತಿಲ್ಲವಾ?"

"ಬೇರಿದ್ರೆ ಬರತ್ತೆ. ಅಮ್ಮನ ಹತ್ರ ಇದ್ದಾಗ್ಲೂ ಒಂದ್ಸಲ ಪೂರ್ತಿ ಕರಗಿತ್ತು. ಕೊಳೆತ ಎಲೆ ತೆಗೀತಾ ಇರ್ಬೇಕು, ಸ್ವಲ್ಪ ಸ್ವಲ್ಪ ನೀರು ಬದಲಿಸ್ಬೇಕು. ಬೇರು ಮಾತ್ರ ಮುಟ್ಟಬಾರ್ದು." ಗಾಜಿನ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದಳು. "ಅವಳ ಕೈಯಿಂದ ಬಂದಿದ್ರಲ್ಲಿ ಇನ್ನೂ ಜೀವ ಇರೋದು ಅಂದ್ರೆ ಅದೊಂದೇ. ಮತ್ತೆ ಅಪ್ಪ."

೪

ತೊಂದರೆ ಏನೆಂದರೆ, ನನ್ನ ಕಥೆಯಲ್ಲಿ ಒಂದು ಚಿಮುಟವಿದೆ.

ದಿನವೂ ಅಪ್ಪ ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ, ವಾಚಿನ ಚಿಮುಟದಿಂದ ಆ ಬೇರಿನ ಗಡ್ಡೆಯನ್ನು ಜಲ್ಲಿಕಲ್ಲಿನಿಂದ ಎತ್ತುತ್ತಾನೆ. ಒಂಟಿಕಣ್ಣಿನ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡುತ್ತಾನೆ. ಮತ್ತೆ ನೆಡುತ್ತಾನೆ. ನಿಂತಿದೆಯೋ ಓಡುತ್ತಿದೆಯೋ ತಿಳಿಯಲು ಬಿಚ್ಚಿ ನೋಡುವುದೇ ಅವನ ಜೀವಮಾನದ ಅಭ್ಯಾಸ. ಹಾಗಾಗಿ ಹಿಡಿಯಲು ಹೊರಟ ಬೇರು ದಿನವೂ ಹಿಡಿತ ಕಳೆದುಕೊಳ್ಳುತ್ತದೆ.

"ಅಪ್ಪಾ, ಅದು ವಾಚಲ್ಲ. ಮುಚ್ಚಳ ತೆಗೆದ್ರೆ ನಿಂತ್ಹೋಗತ್ತೆ."

ಅವನು ಭೂತಗನ್ನಡಿ ಸರಿಮಾಡಿಕೊಂಡ. ಅವಳು ನನ್ನ ಕಡೆ ತಿರುಗಿದಳು. "ಆ ಚಿಮುಟ ತೆಗೆದುಹಾಕಿ."

"ಆಗಲ್ಲ. ಇಡೀ ಕಥೆಯಲ್ಲಿ ಚೆನ್ನಾಗಿರುವುದು ಅದೊಂದೇ."

"ಕಥೆ ಚೆನ್ನಾಗಿರ್ಲಿ ಅಂತ ನಮ್ಮಮ್ಮನ ಗಿಡ ಕೀಳಿಸ್ತೀರಾ? ನಿಮ್ಮ ಹೊಟ್ಟೆ ತಣ್ಣಗಿರ್ಲಿ."

(ಚಿಮುಟವನ್ನು ಹಾಗೇ ಬಿಟ್ಟು ಮುಕ್ತಾಯ ಬರೆಯಲು ಕೂತೆ.)

೫

ಮುಕ್ತಾಯ ಅ: ಅಪ್ಪ ಎತ್ತಿ ನೋಡುತ್ತಾನೆ. ಗಡ್ಡೆಯಲ್ಲಿ ಸೂಜಿಮೊನೆಯಷ್ಟು ಚಿಗುರು. ನಗುತ್ತಾನೆ. (ಕ್ಯಾಲೆಂಡರಿನ ಚಿತ್ರದ ಹಾಗಿದೆ.)

ಮುಕ್ತಾಯ ಆ: ಅಪ್ಪ ಎತ್ತಿ ನೋಡುತ್ತಾನೆ. ಚಿಮುಟದ ತುದಿಯಲ್ಲಿ ಕಪ್ಪಗೆ, ನಾರುವ ಮುದ್ದೆ. (ಇದಕ್ಕೆ ಬಹುಮಾನ ಬಂದರೂ ಬಂದೀತು.)

ಎರಡರಲ್ಲೂ ಎತ್ತಿಯೇ ನೋಡಬೇಕು, ಕಂಡಿರಾ.

೬

ಮಧ್ಯಾಹ್ನ. ಅಕ್ವೇರಿಯಂನ ದೀಪ ಹಾಕಿ ಸ್ವಲ್ಪ ಹೊತ್ತಾಗಿದೆ. ನಾನು ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ನೋಡಿದೆ. ಇಷ್ಟು ಕರಡುಗಳಲ್ಲಿ ಇದೇ ಮೊದಲು.

ನೀರುಹುಲ್ಲಿನ ಪ್ರತಿ ಎಸಳಿನ ತುದಿಯಲ್ಲೂ ಬೆಳ್ಳಗೆ ಒಂದೊಂದು ಗುಳ್ಳೆ. ಅದು ದುಂಡಗಾಗಿ, ತಡೆದು, ಬಿಡಿಸಿಕೊಂಡು ಮೇಲೇರುತ್ತದೆ. ಹುಲ್ಲು ಬೆಳಕನ್ನು ಉಂಡು ಗಾಳಿಯನ್ನು ಮಾಡುತ್ತಿದೆ. ಅದರ ನಡುವೆ ಮೀನು ಏನೂ ಅರಿಯದೆ ಉಸಿರಾಡಿಕೊಂಡಿದೆ. ಇಷ್ಟು ದೊಡ್ಡ ಕೆಲಸ, ಒಂದಿಷ್ಟೂ ಸದ್ದಿಲ್ಲ. ನಾನು ಬರೆದ ಯಾವ ಮೌನವೂ ಇದರ ಹತ್ತಿರ ಬರುವುದಿಲ್ಲ.

ಆಗ ಎಲೆ ಕರಗಿ ಬೋಳಾದ ಮೂಲೆಯಲ್ಲಿ, ಗಡ್ಡೆ ನೆಟ್ಟ ಜಲ್ಲಿಕಲ್ಲಿನ ಸಂದಿಯಿಂದ, ಒಂದು ಗುಳ್ಳೆ ಹೊರಟಿತು.

"ಉಸಿರಾ?" ಅಂದೆ.

"ಇರ್ಬಹುದು," ಅಂದಳು. "ಬೇರು ಕೊಳೆತ್ರೂ ಹೀಗೇ ಗಾಳಿ ಬರತ್ತೆ. ಕಿತ್ತು ನೋಡದೆ ಗೊತ್ತಾಗಲ್ಲ."

ಅಪ್ಪ ಅಂಗಿಯ ತೋಳು ಮಡಚಿದ. ಚಿಮುಟ ನೀರಿಗೆ ತಾಗುವಷ್ಟರಲ್ಲಿ ಅವಳು ಅವನ ಇನ್ನೊಂದು ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು. ಕ್ಲಿನಿಕ್ಕಿನಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು: "ಗುಳ್ಳೆ ಕಂಡಾಗ ನನ್ನ ಕೈ ಒತ್ತು, ಅಪ್ಪಾ. ಅಷ್ಟೇ ಕೆಲಸ. ಕಾಣ್ದೇ ಇದ್ರೆ ಸುಮ್ನಿರು."

(ಇದನ್ನು ನಾನು ಯೋಚಿಸಿರಲಿಲ್ಲ. ಪ್ರಮಾಣವಾಗಿ.)

ತುಂಬ ಹೊತ್ತಿನ ಮೇಲೆ ಒಂದು ಗುಳ್ಳೆ. ಅವನು ಒತ್ತಿದ. ಮತ್ತೆ ಒಂದು. ಒತ್ತಿದ. ಮುಂದಿನ ವಾಕ್ಯಕ್ಕಾಗಿ ನಾನು ಗಾಜಿನ ಮೇಲೆ ಬಗ್ಗಿದೆ.

"ನೀವೂ ಕೈ ತೆಗೀರಿ," ಅಂದ ಅಪ್ಪ.

ಒರಟಾದ, ಬಳಕೆ ತಪ್ಪಿದ ದನಿ. ಅವನು ಚಿಮುಟವನ್ನು ಒರೆಸಿ ನನ್ನ ಹಾಳೆಯ ಮೇಲಿಟ್ಟ. ಹಾಳೆ ಅಲ್ಲೇ ಒದ್ದೆಯಾಯಿತು.

ಬೇರು ಬದುಕಿತೋ ಇಲ್ಲವೋ ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಆದರೆ ಅದನ್ನು ಹೇಳಬೇಕಾದರೆ ನಾನು ಮತ್ತೆ ಕೈ ಹಾಕಬೇಕು. ನಾನು ಹಾಕುವುದಿಲ್ಲ. ಕರಡು ಎಲ್ಲಿದೆಯೋ ಅಲ್ಲೇ ಇರಲಿ.

ಅಪ್ಪ ಮತ್ತೊಮ್ಮೆ ಒತ್ತಿದ. ಅವಳು "ಹೂಂ" ಅಂದಳು. ಈ ಸಲ ನನಗೆ ಗುಳ್ಳೆ ಕಾಣಲಿಲ್ಲ.