ಮೂರು ನೀರುನಾಯಿ

“ಕತ್ತರಿ ಗಿತ್ತರಿ ಏನೂ ಬೇಡ! ಲೇಸಿಗೆ ಕತ್ತರಿ ಹಾಕಿದ್ರೆ ಎದ್ದು ಕೂತು ಬಯ್ತಾನೆ ಅವನು,” ಎನ್ನುತ್ತ ಕಪ್ಪೆ ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು, ಸತ್ತವರ ಬೂಟಿನ ಒದ್ದೆ ಗಂಟನ್ನು ಉಗುರಿನಿಂದ ಬಿಡಿಸುತ್ತಿದ್ದರು. ಜೀವಮಾನವೆಲ್ಲ ಕಪ್ಪೆಗಳ ಹಿಂದೆ ಬಿದ್ದು ಸಂಪಾದಿಸಿದ ಹೆಸರು ಅದು. ಅವರ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಮಂಚದ ಮೇಲಿದ್ದವರು ಅವರ ನಲವತ್ತು ವರ್ಷದ ಸಹೋದ್ಯೋಗಿ, ನೀರುನಾಯಿಗಳ ಅಧ್ಯಯನ ಮಾಡಿದ ವಿಜ್ಞಾನಿ. ಬೆಳಿಗ್ಗೆ ಹೊಳೆಯ ತಿರುವಿನಲ್ಲಿ ಮರಕ್ಕೆ ಒರಗಿ ಕೂತವರು ಕೂತ ಹಾಗೇ ಹೋಗಿಬಿಟ್ಟಿದ್ದರು. ಮೀನು ಹಿಡಿಯುವವನೊಬ್ಬ ನೋಡಿ ಮನೆಗೆ ಸುದ್ದಿ ಮುಟ್ಟಿಸಿದ್ದ. ಸಂಜೆ ನಾಲ್ಕಕ್ಕೆ ಮಣ್ಣು.

“ಭಾನುವಾರವೇ ಹೋದ ನೋಡಿ. ಇಪ್ಪತ್ತೆರಡು ವರ್ಷ ಒಂದು ಭಾನುವಾರ ಹೊಳೆ ತಪ್ಪಿಸಿದವನಲ್ಲ,” ಎಂದರು ಮೇಷ್ಟ್ರು.

“ಮಗಳ ಮದುವೆ ದಿನಾನೂ ಬಿಡ್ಲಿಲ್ಲ,” ಎಂದಳು ಸತ್ತವರ ತಂಗಿ. “ಪ್ಯಾಂಟೆಲ್ಲ ಕೆಸರು ಮಾಡ್ಕೊಂಡು ಬಂದು ಫೋಟೋಕ್ಕೆ ನಿಂತ, ಪುಣ್ಯಾತ್ಮ.”

ಕೂತಿದ್ದವರು ನಕ್ಕರು. ಗೋಡೆಗೆ ಒರಗಿ ನಿಂತಿದ್ದ ಮಗಳಿಗೆ ನಗು ಬರಲಿಲ್ಲ. ಅಪ್ಪನನ್ನು ಆ ತಿರುವಿಗೆ ಕಟ್ಟಿಹಾಕಿದ್ದು ನೀರುನಾಯಿಯಲ್ಲ, ತಾನು. ಅದು ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು.

*

ಅವಳಿಗೆ ಆಗ ಹದಿನಾಲ್ಕು. ಅಪ್ಪ ಬೇರೆ ಊರಿನ ಸಭೆಗೆ ಹೊರಟಿದ್ದರು.

“ಪುಟ್ಟಿ, ಭಾನುವಾರ ಬೆಳಿಗ್ಗೆ ಆರಕ್ಕೆ ತಿರುವಿಗೆ ಹೋಗಿ ಒಂದು ಗಂಟೆ ಕೂತ್ಕೋ. ಕಂಡಷ್ಟು ಈ ಹಸಿರು ಪುಸ್ತಕದಲ್ಲಿ ಬರಿ. ಕಾಣದಿದ್ರೆ ಸೊನ್ನೆ ಹಾಕು, ಅದರಲ್ಲಿ ನಾಚಿಕೆ ಏನಿಲ್ಲ.”

“ತಪ್ಪು ಬರೆದ್ರೆ?”

“ಅಳಿಸಬಾರ್ದು. ಒಂದೇ ಗೆರೆ ಹೊಡಿ, ಮೊದಲು ಬರೆದದ್ದು ಕಾಣ್ಬೇಕು. ಬರೆದವರೇ ತಿದ್ದಬೇಕು. ಪಕ್ಕದಲ್ಲಿ ಇನ್ನೊಬ್ಬರು ಸಾಕ್ಷಿ ಸಹಿ ಹಾಕ್ಬೇಕು.”

ಊಟಕ್ಕೆ ಕೂತಾಗಲೂ ಅವರದು ಇದೇ ಪಾಠ. ಅಮ್ಮ ಸೌಟು ಹಿಡಿದುಕೊಂಡೇ ಅದನ್ನು ಅವರ ದನಿಯಲ್ಲಿ ಒಪ್ಪಿಸಿ ಅಣಕಿಸುತ್ತಿದ್ದಳು.

ಆ ಭಾನುವಾರ ಹಾಳು ಚಳಿ. ಅವಳು ಎದ್ದಾಗ ಎಂಟೂವರೆ. ಸೊನ್ನೆ ಬರೆದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ: ಸೊನ್ನೆ ನೋಡಿದರೆ ತಾನು ಹೋಗೇ ಇಲ್ಲವೆಂದು ಅಪ್ಪನಿಗೆ ಅನುಮಾನ ಬಂದೀತು ಎನ್ನಿಸಿತು. ಮೂರು ಎಂದು ಬರೆದಳು. ಎರಡು ದೊಡ್ಡವು, ಒಂದು ಮರಿ.

ಅಪ್ಪ ಹೆಗಲ ಚೀಲ ಇಳಿಸದೆ ಅದನ್ನು ಓದಿದರು. “ಮೂರಾ! ಮರಿನೂ ಇತ್ತಾ?” ಆ ಜಾಗದಲ್ಲಿ ನೀರುನಾಯಿ ಕಂಡು ಹತ್ತು ವರ್ಷವಾಗಿತ್ತು. ಹದಿನಾಲ್ಕು ವರ್ಷದ ಹುಡುಗಿಯನ್ನು ಸೊಂಟ ಹಿಡಿದು ಎತ್ತಿಬಿಟ್ಟರು. “ಮರಿ ತಂದ ಜಾಗಕ್ಕೆ ಮತ್ತೆ ಬಂದೇ ಬರ್ತವೆ ಕಣೇ.”

ತಿಂಗಳಿಗೊಮ್ಮೆ ನೋಡುತ್ತಿದ್ದ ತಿರುವು ವಾರವಾರದ್ದಾಯಿತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡೇ ಅವಳು ದೊಡ್ಡವಳಾದಳು.

*

ಮೂರೂವರೆಗೆ ಅಮ್ಮ ಹಸಿರು ರಟ್ಟಿನ ಪುಸ್ತಕವನ್ನು ಅವಳ ಕೈಗಿಟ್ಟಳು. “ಅವರ ಕೋಟಿನ ಜೇಬಿಗೆ ಹಾಕು, ಜೊತೇಲೇ ಹೋಗ್ಲಿ. ನಾನಂತೂ ಒಂದು ದಿನ ತೆಗೆದು ನೋಡ್ದವಳಲ್ಲ. ನನ್ನ ಸವತಿ ಅದು.”

ಮಗಳು ಅಮ್ಮನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಅಮ್ಮಾ, ಆ ಮೂರು ನೀರುನಾಯಿ ಸುಳ್ಳು. ನಾನು ಅವತ್ತು ಹೋಗೇ ಇರ್ಲಿಲ್ಲ. ಮಲಗಿದ್ದೆ.”

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಸ್ಟೂಲು ಎಳೆದುಕೊಂಡು ಕೂತಳು.

“ಪ್ರತಿ ಭಾನುವಾರ ಬಾಯಿಗೆ ಬಂದ ಹಾಗೆ ಬೈತಿದ್ದೆನಲ್ಲೇ ಅವರನ್ನ. ಅವರಿಲ್ದೆ ತಿಂಡಿ ತಿನ್ಕೊಂಡು ಬೈತಿದ್ದೆ. ನೀನು ಎದುರಿಗೇ ಕೂತು ಕೇಳ್ತಿದ್ದೆ.”

“ಹೌದು.”

“ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ, ದೊಡ್ಡ ರೋಗ?”

“ಬಾಯಿ ಬರ್ಲಿಲ್ಲ ಅಮ್ಮಾ. ಕೆಸರು ಕಾಲಲ್ಲಿ ಬಂದು ‘ಮುಂದಿನ ವಾರ ಬರ್ತವೆ ಪುಟ್ಟಿ’ ಅಂತ ನನಗೇ ಸಮಾಧಾನ ಹೇಳ್ತಿದ್ರು. ನಾನೇ ಸಾಯಿಸ್ದೆ ಅವರನ್ನ.”

“ಸುಮ್ನಿರು. ಅಷ್ಟು ದೊಡ್ಡವಳಲ್ಲ ನೀನು.” ಅಮ್ಮನ ದನಿ ಇನ್ನೂ ಗಡುಸಾಗಿತ್ತು.

ಬಾಗಿಲು ತಟ್ಟಿದ ಸದ್ದು. “ಗಾಡಿ ಬಂತಮ್ಮಾ,” ಎಂದರು ಕಪ್ಪೆ ಮೇಷ್ಟ್ರು ಹೊರಗಿನಿಂದ.

“ಬಂದ್ವಿ, ಒಂದು ನಿಮಿಷ,” ಎಂದ ಅಮ್ಮ ಮಗಳತ್ತ ಕೈ ಚಾಚಿದಳು. “ಕನ್ನಡಕ ಕೊಡು. ತೆಗಿ ಪುಸ್ತಕ.”

ಕೊನೆಯ ಸಾಲಿನಲ್ಲಿ ಇವತ್ತಿನ ತಾರೀಖು, ಆರು ಗಂಟೆ ಹತ್ತು ನಿಮಿಷ. ಎಣಿಕೆ ಬರೆಯುವ ಮುಂದಿನ ಮನೆ ಖಾಲಿ. ಕೂತಲ್ಲಿಂದ ಏಳುವ ಮೊದಲು ಸೊನ್ನೆ ಹಾಕುವುದು ಅವರ ರೂಢಿ; ಇವತ್ತು ಅವರು ಏಳಲಿಲ್ಲ. ಹಿಂದಕ್ಕೆ ತಿರುವುತ್ತ ಹೋದರೆ ಪುಟಪುಟಕ್ಕೂ ಸೊನ್ನೆ, ಸೊನ್ನೆ. ಅಮ್ಮ ಒಂದೊಂದು ಪುಟವನ್ನೂ ಬೆರಳಿನಿಂದ ಸವರಿ ನೋಡಿದಳು. ಮೊದಮೊದಲ ಹಾಳೆಯೊಂದರಲ್ಲಿ ದುಂಡು ಅಕ್ಷರದ ಮೂರು ಸಿಕ್ಕಿತು.

ಮಗಳು ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸೊನ್ನೆ ಬರೆದು, ಸಹಿ ಹಾಕಿದಳು. ಅಮ್ಮ ಪೆನ್ನು ಕಿತ್ತುಕೊಂಡು ಅದರ ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು.

ಆಗ ಕಂಡಿತು, ಅಂಚಿನಲ್ಲಿ ಅಪ್ಪನ ಇರುವೆ ಅಕ್ಷರ: ‘ಮಗಳು ಕಂಡದ್ದು. ನಂಬತಕ್ಕದ್ದು.’

“ಇದನ್ನೂ ಹೊಡಿತೀನಿ, ಪೆನ್ನು ಕೊಡಮ್ಮಾ.”

ಅಮ್ಮ ಕೊಡಲಿಲ್ಲ. “ಅದು ನೀನು ಬರೆದದ್ದಲ್ಲ. ಬರೆದವರೇ ತಿದ್ದಬೇಕು.”

ಪುಸ್ತಕ ಮುಚ್ಚಿ, ಹೊರಗೆ ಹೋಗಿ, ತಾನೇ ಅದನ್ನು ಅವರ ಜೇಬಿಗಿಟ್ಟು ಗುಂಡಿ ಹಾಕಿದಳು.